ಬೀದಿಯಲ್ಲಿ ಆರು ಡೆಂಗ್ಯೂ, ಪಟ್ಟಿಯಲ್ಲಿ ಸೊನ್ನೆ: ಯಾವುದನ್ನು ನಂಬೋದು?

ಪ್ರಶ್ನೆ, ಬೆಂಗಳೂರಿನಿಂದ

ನಮ್ಮದು ನಲವತ್ತು ಮನೆಗಳ ಒಂದು ಕ್ರಾಸ್. ಮೂರು ವಾರದಲ್ಲಿ ಆರು ಮನೆಗೆ ಜ್ವರ ಬಂದಿದೆ. ಆರೂ ಮನೆಯಲ್ಲಿ ಡೆಂಗ್ಯೂ ಪಾಸಿಟಿವ್ ಅಂತ ಲ್ಯಾಬ್ ಚೀಟಿ ಇದೆ. ಆದರೆ ವಾರ್ಡಿನ ಸರ್ಕಾರಿ ಲೆಕ್ಕದಲ್ಲಿ ಒಂದೂ ಕೇಸ್ ಇಲ್ಲ. ಪಕ್ಕದ ಮನೆಯವರು "ಎಲ್ಲಾ ಮುಚ್ಚಿಡ್ತಾರೆ, ಕೋವಿಡ್‌ನಲ್ಲೂ ಹೀಗೇ ಮಾಡಿದ್ರು" ಅಂತಾರೆ. ಎದುರು ಮನೆಯವರು "ಸರ್ಕಾರವೇ ಇಲ್ಲ ಅಂದಮೇಲೆ ಯಾಕೆ ಭಯ" ಅಂತ ನೀರಿನ ಡ್ರಮ್ ಮುಚ್ಚುವುದನ್ನೂ ಬಿಟ್ಟಿದ್ದಾರೆ. ಮನೆಯಲ್ಲಿ 68 ವರ್ಷದ ಅಮ್ಮ, ಏಳು ವರ್ಷದ ಮಗಳು ಇದ್ದಾರೆ. ಅಮ್ಮನಿಗೆ ನಿನ್ನೆಯಿಂದ ಮೈ ಬಿಸಿ. ಇಂಥ ಹೊತ್ತಿನಲ್ಲಿ ನೀವೆಲ್ಲ ಏನು ನೋಡಿ ನಿರ್ಧಾರ ಮಾಡಿದಿರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾಸನದಿಂದ, ಲ್ಯಾಬ್ ಟೆಕ್ನಿಷಿಯನ್

ಮೊದಲು ಅಮ್ಮನ ವಿಷಯ. ನಾಳೆಗೆ ಅಂತ ಬಿಡಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ. ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ನೋವಿನ ಮಾತ್ರೆ ಯಾವುದನ್ನೂ ನೀವಾಗಿ ಕೊಡಬೇಡಿ. ಐಬುಪ್ರೊಫೆನ್, ಆಸ್ಪಿರಿನ್ ಥರದ್ದು ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಅವರು ಹೃದಯಕ್ಕೋ ಬಿಪಿಗೋ ದಿನಾ ಮಾತ್ರೆ ತಗೊಳ್ತಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಈಗ ಲೆಕ್ಕದ ವಿಷಯ. ಆ ಆರು ಚೀಟಿಗಳನ್ನು ಒಮ್ಮೆ ಕೇಳಿ ತಗೊಂಡು ನೋಡಿ. ಬಹುಶಃ "ರ‍್ಯಾಪಿಡ್" ಅಥವಾ "ಕಾರ್ಡ್" ಅಂತ ಇರುತ್ತೆ. ಅದು ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ. ಎರಡು ಹನಿ ಹಾಕಿ ಇಪ್ಪತ್ತು ನಿಮಿಷ ಕಾದರೆ ಗೆರೆ ಮೂಡುತ್ತೆ. ಸರ್ಕಾರದ ಡೆಂಗ್ಯೂ ಕಾರ್ಯಕ್ರಮದಲ್ಲಿ ಈ ಗೆರೆ ಬಂದವರು "ಸಂಭಾವ್ಯ" ಮಾತ್ರ, ಅಂದರೆ ಇರಬಹುದು ಅಷ್ಟೇ. "ಖಚಿತ" ಅನ್ನಿಸಿಕೊಳ್ಳಬೇಕಾದರೆ ಎಲೈಸಾ ಅನ್ನೋ ಪರೀಕ್ಷೆ ಆಗಬೇಕು, ಇಲ್ಲವೇ ಪಿಸಿಆರ್. ಜ್ವರದ ಮೊದಲ ಐದು ದಿನ ಎನ್‌ಎಸ್‌1 ಎಲೈಸಾ, ಆಮೇಲೆ ಐಜಿಎಂ ಎಲೈಸಾ. ಮೊದಲನೆಯದು ವೈರಸ್ಸಿನ ಪ್ರೋಟೀನ್ ಹುಡುಕುತ್ತೆ, ಎರಡನೆಯದು ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ. ಎಲೈಸಾ ತಟ್ಟೆಯಲ್ಲಿ 96 ಗುಳಿ ಇರುತ್ತವೆ, ಯಂತ್ರ ಬೇಕು, ಕೆಲವು ಗಂಟೆ ಬೇಕು. ನಾನು ಕೆಲಸ ಮಾಡುವಂಥ ಸಣ್ಣ ಲ್ಯಾಬ್‌ಗಳಲ್ಲಿ ಅದು ಇರೋದೇ ಇಲ್ಲ.

2024ರ ಜುಲೈನಲ್ಲಿ ಒಂದು ಸಂಜೆ ಕೆಲಸ ಮುಗಿದ ಮೇಲೆ ನಮ್ಮ ರಿಜಿಸ್ಟರ್ ತಿರುಗಿಸಿ ನೋಡಿದೆ. ಆ ವಾರ ಕಾರ್ಡಿನಲ್ಲಿ ಗೆರೆ ಬಂದವರು ಹದಿನಾಲ್ಕು ಜನ. ಅವರಲ್ಲಿ ಎಲೈಸಾಗೆ ರಕ್ತ ಕೊಟ್ಟವರು ಮೂವರೇ. ಮಿಕ್ಕ ಹನ್ನೊಂದು ಜನ ಚೀಟಿ ಹಿಡಿದು ಮನೆಗೆ ಹೋದರು, ಎಳನೀರು ಕುಡಿದರು, ವಾಸಿಯಾದರು. ಖಚಿತ ಕೇಸ್ ಅಂತ ಹಾಕುವ ಪಟ್ಟಿಯಲ್ಲಿ ಅವರು ಯಾರೂ ಇಲ್ಲ. ಇದನ್ನು ಯಾರೂ ಮುಚ್ಚಿಡಲಿಲ್ಲ. ಲೆಕ್ಕದ ಜರಡಿಯೇ ಅಂಥದ್ದು, ಸಣ್ಣ ಕಣ್ಣಿನದು. ಕಾರ್ಡ್ ಕೆಲವೊಮ್ಮೆ ತಪ್ಪು ತೋರಿಸುತ್ತೆ, ಅದಕ್ಕೇ ಆ ನಿಯಮ. ನಿಯಮ ಸರಿಯಾಗಿಯೇ ಇದೆ. ತಪ್ಪು ಎಲ್ಲಿದೆ ಅಂದರೆ, "ಇದು ಎಲೈಸಾದಲ್ಲಿ ಖಚಿತವಾದವರ ಲೆಕ್ಕ ಮಾತ್ರ" ಅಂತ ದೊಡ್ಡ ಅಕ್ಷರದಲ್ಲಿ ಜನರಿಗೆ ಹೇಳದೇ ಇರೋದರಲ್ಲಿ. ಬರೀ ಸಂಖ್ಯೆ ಕೊಟ್ಟರೆ ಜನ ಅದನ್ನೇ ಪೂರ್ತಿ ಸತ್ಯ ಅಂದುಕೊಳ್ತಾರೆ, ಇಲ್ಲ ಪೂರ್ತಿ ಸುಳ್ಳು ಅಂತಾರೆ. ನಿಮ್ಮ ಬೀದಿಯಲ್ಲಿ ಈಗ ಎರಡೂ ಆಗಿದೆ ಅಲ್ವಾ.

ಅಂತರ ಎಷ್ಟು ದೊಡ್ಡದು ಅನ್ನೋದಕ್ಕೆ ಒಂದು ಅಂದಾಜು ಇದೆ. 2006ರಿಂದ 2012ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 20 ಸಾವಿರ ಡೆಂಗ್ಯೂ ಕೇಸ್ ವರದಿಯಾಗಿತ್ತು. 2014ರಲ್ಲಿ ಬಂದ ಒಂದು ಅಧ್ಯಯನ, ಡಾಕ್ಟರುಗಳು ಡೆಂಗ್ಯೂ ಅಂತ ಗುರುತಿಸಿದವರೇ ವರ್ಷಕ್ಕೆ ಸುಮಾರು 58 ಲಕ್ಷ ಇರಬಹುದು ಅಂತ ಲೆಕ್ಕ ಹಾಕಿತು. ಹೆಚ್ಚುಕಡಿಮೆ 280 ಪಟ್ಟು.

ಹಾಗಾಗಿ ನಾನು ವಾರ್ಡಿನ ಸಂಖ್ಯೆ ನೋಡಿ ಮನೆಯ ನಿರ್ಧಾರ ಮಾಡಲ್ಲ. ಸೊಳ್ಳೆ ಕಚ್ಚಿ ಜ್ವರ ಬರೋಕೆ ನಾಲ್ಕರಿಂದ ಹತ್ತು ದಿನ ಬೇಕು. ಆಮೇಲೆ ಟೆಸ್ಟ್, ಆಮೇಲೆ ವರದಿ. ಇವತ್ತಿನ ಸಂಖ್ಯೆ ಎರಡು ವಾರ ಹಿಂದಿನ ಸುದ್ದಿ. ಈ ಸೊಳ್ಳೆ ಜಾಸ್ತಿ ದೂರ ಹಾರುವುದೂ ಇಲ್ಲ, ಒಂದೆರಡು ನೂರು ಮೀಟರ್ ಅಷ್ಟೇ. ನಿಮ್ಮ ಕ್ರಾಸಿನಲ್ಲಿ ಆರು ಮನೆ ಅಂದರೆ ನಿಮಗೆ ಬೇಕಾದ ಲೆಕ್ಕ ಅದೇ. ಆದರೆ ಸರ್ಕಾರಿ ಸಂಖ್ಯೆಯನ್ನು ಪೂರ್ತಿ ಎಸೆಯಲೂ ಬೇಡಿ. ಕಳೆದ ವಾರಕ್ಕಿಂತ ಏರಿದೆಯಾ, ಇಳಿದಿದೆಯಾ ಅಂತ ನೋಡೋಕೆ ಅದು ಬೇಕು. ಜರಡಿ ಅದೇ ಇದ್ದಾಗ ಏರಿಳಿತ ನಿಜವನ್ನೇ ಹೇಳುತ್ತೆ.

ಅಮ್ಮನಿಗೆ ಎಲೈಸಾವನ್ನೇ ಕೇಳಿ ಮಾಡಿಸಿ. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿಯವರಿಗೂ ದರ ಕಟ್ಟಿತ್ತು, ಎನ್‌ಎಸ್‌1ಗೆ 300, ಐಜಿಎಂಗೆ 300, ಕಾರ್ಡಿಗೆ 250 ರೂಪಾಯಿ. ಜಾಸ್ತಿ ಕೇಳಿದರೆ ಆ ದರದ ಬಗ್ಗೆ ಪ್ರಶ್ನೆ ಮಾಡಿ.

ಸಾಗರ ಕಡೆಯಿಂದ

ನಮ್ಮದು ಮಂಗನ ಕಾಯಿಲೆಯ ಸೀಮೆ, ಅಂದರೆ ಕಾಡಿನ ಉಣುಗು ಕಚ್ಚಿ ಬರುವ ಜ್ವರದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡಿದ್ದು, 2018ರ ಕೊನೆಗೆ ಅರಳಗೋಡು ಸುತ್ತ ಬಂದಾಗ ಎಲ್ಲರಿಗೂ ಗೊತ್ತಾಯಿತು. ನಮಗೆ ಮೊದಲ ಸುದ್ದಿ ಯಾವ ಪಟ್ಟಿಯಿಂದಲೂ ಬರುವುದಿಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದ ವಾಸನೆ ಬಂತು ಅಂದರೆ ದರಕು (ಒಣಗಿದ ಎಲೆ) ತರಲು ಹೋಗುವವರು ಹುಷಾರಾಗಬೇಕು.

ನಮ್ಮ ಚಿಕ್ಕಮ್ಮನಿಗೆ ಆ ವರ್ಷ ಜ್ವರ ಬಂತು. ಮಾಮೂಲಿ ಜ್ವರ ಅಂತ ಮಾತ್ರೆ ನುಂಗಿಸಿದೆವು. ರಕ್ತ ತೆಗೆದಾಗ ಹನ್ನೆರಡು ದಿನ ಆಗಿತ್ತು. ವರದಿ "ನೆಗೆಟಿವ್" ಅಂತ ಬಂತು. ಆದರೆ ಅವರ ಕಣ್ಣು ಕೆಂಡದ ಹಾಗಿತ್ತು, ಸೊಂಟ ಎತ್ತಲು ಆಗುತ್ತಿರಲಿಲ್ಲ, ಬಿಟ್ಟುಹೋದ ಜ್ವರ ಮತ್ತೆ ಮರುಕಳಿಸಿತು. ಒಬ್ಬ ವೈದ್ಯರು ಆಮೇಲೆ ಕೂರಿಸಿಕೊಂಡು ಹೇಳಿದರು. ವೈರಸ್ ರಕ್ತದಲ್ಲಿ ಸಿಗೋದು ಶುರುವಿನ ದಿನಗಳಲ್ಲಿ, ತಡವಾಗಿ ಪಿಸಿಆರ್ ಮಾಡಿದರೆ ಸಿಗದೇ ಹೋಗಬಹುದು, ಆಗ ಬೇರೆ ಪರೀಕ್ಷೆ ಬೇಕು ಅಂತ. ಅದನ್ನು ಮೊದಲೇ ಯಾರಾದರೂ ಊರಿಗೆ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಚಿಕ್ಕಮ್ಮ ಪಟ್ಟಿಗೆ ಸೇರಲಿಲ್ಲ. ಊರಿನಲ್ಲಿ ಎಲ್ಲರೂ ಅವರನ್ನು ಕಣ್ಣಾರೆ ನೋಡಿದ್ದರು. ಆಮೇಲೆ ಲಸಿಕೆ ಹಾಕಲು ಬಂದಾಗ ನಮ್ಮ ಕೇರಿಯಲ್ಲಿ ಅರ್ಧ ಮನೆ ಬಾಗಿಲು ತೆರೆಯಲಿಲ್ಲ. "ಕಾಯಿಲೆ ಇಲ್ಲ ಅಂದವರು ಈಗ ಸೂಜಿ ಯಾಕೆ ತಂದರು?" ಅಂತ ಕೇಳಿದರು. ನನಗೆ ಇವತ್ತಿಗೂ ನೋಯುವುದು ಅದೇ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಜ್ವರ ಶುರುವಾದ ದಿನ, ರಕ್ತ ಕೊಟ್ಟ ದಿನ, ಯಾವ ಟೆಸ್ಟ್, ಇಷ್ಟು ಬರೆದಿಡಿ. "ನೆಗೆಟಿವ್" ಅಂದಾಗ ಎಷ್ಟನೇ ದಿನದ ರಕ್ತ ಅಂತ ಕೇಳಿ.

ದಾವಣಗೆರೆಯಿಂದ

ನಿಮ್ಮ ಪಕ್ಕದ ಮನೆಯವರ ಸಿಟ್ಟು ನನಗೆ ಅರ್ಥವಾಗುತ್ತೆ. 2021ರ ಮೇನಲ್ಲಿ ನಮ್ಮಪ್ಪ ತೀರಿಕೊಂಡರು. ಸ್ಕ್ಯಾನ್‌ನಲ್ಲಿ ಶ್ವಾಸಕೋಶ ಪೂರ್ತಿ ಬೆಳ್ಳಗಿತ್ತು, ಆದರೆ ಸ್ವ್ಯಾಬ್ ನೆಗೆಟಿವ್. ಕಾಗದದಲ್ಲಿ ನ್ಯುಮೋನಿಯಾ ಅಂತ ಬರೆದರು. 2020, 2021 ಈ ಎರಡು ವರ್ಷದಲ್ಲಿ ದೇಶದಲ್ಲಿ ಕೋವಿಡ್‌ನಿಂದ ಸತ್ತವರು ಸುಮಾರು 4.8 ಲಕ್ಷ ಅಂತ ಸರ್ಕಾರ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಕೋವಿಡ್‌ಗೆ ನೇರವಾಗಿಯೋ ಪರೋಕ್ಷವಾಗಿಯೋ ಸಂಬಂಧಿಸಿದ ಹೆಚ್ಚುವರಿ ಸಾವು ಸುಮಾರು 47 ಲಕ್ಷ ಅಂದಿತು. ಸರ್ಕಾರ ಆ ಲೆಕ್ಕದ ವಿಧಾನವನ್ನೇ ಒಪ್ಪಲಿಲ್ಲ. ನಾನು ಆ ಜಗಳಕ್ಕೆ ಹೋಗಲ್ಲ. ನನ್ನ ಅಪ್ಪ ಒಬ್ಬರು ಸರ್ಕಾರದ ಲೆಕ್ಕದಿಂದ ಬಿಟ್ಟುಹೋಗಿದ್ದರು, ಅದು ಗೊತ್ತು.

ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ ಹೊಸ ಮಾರ್ಗಸೂಚಿ ಬಂತು. ಆಸ್ಪತ್ರೆಯಲ್ಲಿ ಬೇರೆ ಪರೀಕ್ಷೆಗಳಿಂದ ಕೋವಿಡ್ ಅಂತ ಗುರುತಿಸಿದ್ದರೂ ಲೆಕ್ಕಕ್ಕೆ ಬರುತ್ತೆ, ತಕರಾರು ಇದ್ದರೆ ಜಿಲ್ಲಾ ಸಮಿತಿಗೆ ಕೊಡಬಹುದು ಅಂತ. ನಾವು ಸ್ಕ್ಯಾನ್ ಫಿಲ್ಮ್, ಡಿಸ್ಚಾರ್ಜ್ ಚೀಟಿ, ಔಷಧದ ಬಿಲ್ ಎಲ್ಲಾ ಒಂದು ಬಟ್ಟೆ ಚೀಲದಲ್ಲಿ ಹಾಕಿ ಇಟ್ಟಿದ್ದೆವು. ನಾಲ್ಕು ಸಲ ಅಲೆದೆ. ಕೊನೆಗೆ ಕಾಗದ ತಿದ್ದಿಕೊಟ್ಟರು. 50 ಸಾವಿರ ಪರಿಹಾರವೂ ಬಂತು. ಅದಕ್ಕಿಂತ ಅಮ್ಮ ಆ ಕಾಗದವನ್ನು ದೇವರ ಮನೆಯಲ್ಲಿ ಇಟ್ಟಿದ್ದು ನನಗೆ ದೊಡ್ಡದು. ಚೀಟಿ ಯಾವುದನ್ನೂ ಬಿಸಾಡಬೇಡಿ, ಅಷ್ಟೇ ನಾನು ಹೇಳೋದು.

ಆಶಾ ಕಾರ್ಯಕರ್ತೆ, ಮಂಡ್ಯ ಜಿಲ್ಲೆ

ಇನ್ನೊಂದು ಮಗ್ಗುಲೂ ಕೇಳಿ. ನಾವು ಮನೆ ಮನೆಗೆ ಹೋಗಿ "ಜ್ವರ ಇದೆಯಾ ಅಕ್ಕಾ" ಅಂತೀವಿ. ಗೇಟಿನಿಂದಲೇ "ಯಾರಿಗೂ ಇಲ್ಲ" ಅಂತಾರೆ. ಒಳಗೆ ಯಾರೋ ನರಳೋದು ಕೇಳಿಸುತ್ತಿರುತ್ತೆ. 2024ರಲ್ಲಿ ಸೊಳ್ಳೆ ಮರಿ ಸಿಕ್ಕಿದರೆ ಹಳ್ಳಿ ಮನೆಗೆ 200, ಪಟ್ಟಣದ ಮನೆಗೆ 400 ದಂಡ ಅಂತ ಆದಮೇಲೆ ಭಯ ಇನ್ನೂ ಜಾಸ್ತಿ ಆಯಿತು. ನೀವು ಹೇಳದೇ ಇದ್ದರೆ ನಾನು ಸೊನ್ನೆ ಅಂತಲೇ ಬರೆದುಕೊಂಡು ಹೋಗಬೇಕು. ಆ ಸೊನ್ನೆ ಮೇಲಿನವರೆಗೂ ಹೋಗುತ್ತೆ.

ಆರೂ ಮನೆಯವರು ಒಟ್ಟಿಗೆ ಹೋಗಿ ನಿಮ್ಮ ಆರೋಗ್ಯ ಕೇಂದ್ರಕ್ಕೆ ಹೇಳಿ. ಒಬ್ಬರು ಹೋದರೆ ದೂರು ಅನಿಸುತ್ತೆ, ಆರು ಜನ ಹೋದರೆ ಕೇಳಲೇಬೇಕು. ಅಮ್ಮನನ್ನು ಹಗಲಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಈ ಸೊಳ್ಳೆ ಕಚ್ಚೋದು ಹಗಲಲ್ಲೇ. ಅವರಿಗೆ ಕಚ್ಚಿದ ಸೊಳ್ಳೆಯೇ ಆಮೇಲೆ ಮಗುವಿಗೂ ಕಚ್ಚಬಹುದು. ಮತ್ತೆ, ಜ್ವರ ಬಿಟ್ಟಿತು ಅಂತ ಮೈಮರೆಯಬೇಡಿ. ಬಿಟ್ಟ ಮೇಲಿನ ಎರಡು ದಿನವೇ ಕಷ್ಟದ್ದು. ಹೊಟ್ಟೆ ನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಸುಮ್ನೆ ಮಂಕಾಗಿ ಮಲಗೋದು, ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು, ಐದು ದಿನದ ಮೇಲೆ

ಅಮ್ಮನ ಎಲೈಸಾ ಪಾಸಿಟಿವ್ ಬಂತು. ಎರಡು ದಿನ ಡ್ರಿಪ್ ಹಾಕಿದರು, ಇವತ್ತು ಗಂಜಿ ಕುಡಿದು ಎದ್ದು ಕೂತಿದ್ದಾರೆ. ಆರು ಮನೆಯ ಚೀಟಿ ಜೋಡಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆವು. ಆರೂ ಚೀಟಿ ಕಾರ್ಡಿನವೇ. ಅಲ್ಲಿನ ನರ್ಸ್ ಎಲ್ಲವನ್ನೂ ಬರೆದುಕೊಂಡರು. ಮಾರನೇ ದಿನ ಇಬ್ಬರು ಬಂದು ಕ್ರಾಸ್ ಪೂರ್ತಿ ಹುಡುಕಿದರು. ಮೂಲೆಯಲ್ಲಿ ಅರ್ಧಕ್ಕೆ ನಿಂತ ಕಟ್ಟಡ ಇದೆ. ಅದರ ತೊಟ್ಟಿಗೆ ಟಾರ್ಚ್ ಬಿಟ್ಟರೆ ನೀರು ಕುದಿಯುವ ಹಾಗೆ ಮರಿಗಳು ಮಿಸುಕುತ್ತಿದ್ದವು. ಎದುರು ಮನೆಯವರೂ ಬಂದು ಬಗ್ಗಿ ನೋಡಿದರು. ಸಂಜೆ ಅವರ ಡ್ರಮ್ಮಿನ ಮೇಲೆ ಬಟ್ಟೆ ಕಟ್ಟಿತ್ತು. ವಾರ್ಡಿನ ಲೆಕ್ಕದಲ್ಲಿ ಈಗ ಒಂದು ಕೇಸ್ ಇದೆ, ಅದು ನಮ್ಮಮ್ಮ.