ಸಹಾಯ ಬೇಕು: ಫ್ರೀ ಜಾಝ್ ಮೊದಲ ಸಲ ಕೇಳುವವರಿಗೆ ನಡುವೆ ಏನಿಡೋಣ?

ನಮಸ್ಕಾರ. ಫ್ರೀ ಜಾಝ್ (ತಾಳ, ಸ್ವರಗಳ ಮೊದಲೇ ಗೊತ್ತುಮಾಡಿದ ಕಟ್ಟುಗಳನ್ನು ಸಡಿಲಿಸಿ ನುಡಿಸುವ ಜಾಝ್) ಹಿಂದೆಂದೂ ಕೇಳಿರದವರಿಗಾಗಿ ಯಾವ ಕೃತಿಯ ನಂತರ ಯಾವುದನ್ನು ಕೇಳಬೇಕೆಂಬ ಒಂದು ಕ್ರಮ ಮಾಡುತ್ತಿದ್ದೇವೆ. ಶುರು ಮತ್ತು ಕೊನೆ ನಿಗದಿಯಾಗಿದೆ, ನಡುವಿನದಕ್ಕೆ ನಿಮ್ಮ ಸಲಹೆ ಬೇಕು.

ಶುರುವಿಗೆ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ 1959ರ ‘ಲೋನ್ಲಿ ವುಮನ್’, ಸುಮಾರು 5 ನಿಮಿಷ. ಪಿಯಾನೊ ಇಲ್ಲ. ಡ್ರಮ್ಸ್ ಓಡುತ್ತಲೇ ಇರುತ್ತದೆ, ಅದರ ಮೇಲೆ ಸ್ಯಾಕ್ಸೊಫೋನ್, ಕಾರ್ನೆಟ್ (ಟ್ರಂಪೆಟ್‌ನಂಥ ವಾದ್ಯ) ಎರಡೂ ಧಾಟಿಯನ್ನು ನಿಧಾನಕ್ಕೆ ಎಳೆಯುತ್ತವೆ. ಡ್ರಮ್ಸಿಗೆ ತಾಳ ಹಾಕುತ್ತಾ ಧಾಟಿಯನ್ನೂ ಅದಕ್ಕೇ ಕೂರಿಸಲು ಹೋದವರು ಇಲ್ಲೇ ದಾರಿ ತಪ್ಪುತ್ತಾರೆ. ಮೊದಲ ಸಲ ಚಾರ್ಲಿ ಹೇಡನ್ ಅವರ ಬಾಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಒಂದನ್ನೇ ಹಿಡಿದು ಕೇಳಬೇಕು, ಎರಡನೇ ಸಲ ಧಾಟಿ.

ಕೊನೆಗೆ ಕೋಲ್ಮನ್ ಅವರದೇ ‘ಫ್ರೀ ಜಾಝ್’ ಎಂಬ ಕೃತಿ: 1960ರ ಡಿಸೆಂಬರಿನ ಧ್ವನಿಮುದ್ರಣ, ಸುಮಾರು 37 ನಿಮಿಷ. ನಾಲ್ವರು ಎಡಗಿವಿಗೆ, ನಾಲ್ವರು ಬಲಗಿವಿಗೆ. ಫೋನಿನ ಸ್ಪೀಕರಿನಲ್ಲಿ ಎಂಟೂ ವಾದ್ಯ ಕಲಸಿಹೋಗಿ ಬರೀ ಗದ್ದಲವಾಗುತ್ತದೆ. ಹೆಡ್‌ಫೋನ್ ಬೇಕೇ ಬೇಕು, ಫೋನಿನಲ್ಲಿ ಮೋನೊ ಆಡಿಯೊ (ಎರಡೂ ಕಿವಿಗೆ ಒಂದೇ ಧ್ವನಿ ಕಳಿಸುವ ಸೆಟ್ಟಿಂಗ್) ಆಫ್ ಇರಬೇಕು. ಬಲಗಿವಿಯಲ್ಲಿ ಎರಿಕ್ ಡಾಲ್ಫಿ ಅವರ ಬಾಸ್ ಕ್ಲಾರಿನೆಟ್ (ತಗ್ಗು ಸ್ವರದ ಕ್ಲಾರಿನೆಟ್) ಗುರುತು ಸಿಕ್ಕರೆ ಉಳಿದವನ್ನು ಬಿಡಿಸಿಕೊಳ್ಳುವುದು ಸುಲಭ. ಎಷ್ಟು ಚೆಂದದ ವಾದ್ಯ ಅದು!

ಆದರೆ 5 ನಿಮಿಷದಿಂದ 37ಕ್ಕೆ ಒಂದೇ ನೆಗೆತ ಜಾಸ್ತಿಯಾಯಿತು. ಡಾಲ್ಫಿ ಅವರ 1964ರ ‘ಔಟ್ ಟು ಲಂಚ್’ ಆಲ್ಬಮ್ಮಿನ ಅದೇ ಹೆಸರಿನ ಕೃತಿ, ಸುಮಾರು 12 ನಿಮಿಷದ್ದು, ನಡುವೆ ಕೂರುತ್ತದೆಯೇ? ಪಿಯಾನೊ ಜಾಗದಲ್ಲಿ ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಇರುವುದರಿಂದ ಸ್ವರಗಳ ನಡುವೆ ಉಸಿರಾಡಲು ಜಾಗವಿದೆ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಅಸೆನ್ಷನ್’ ಈಗ ಬೇಡ, ಹನ್ನೊಂದು ಜನರ ಮೇಳ ಅದು.

ಬೇರೆ ಸೂಚಿಸುವವರು ಕೃತಿಯ ಹೆಸರು, ವರ್ಷ, ಅವಧಿಯ ಜೊತೆಗೆ ಎಷ್ಟನೇ ನಿಮಿಷದಲ್ಲಿ ಯಾವ ವಾದ್ಯದ ಬೆನ್ನು ಹಿಡಿಯಬೇಕು ಅಂತಲೂ ದಯವಿಟ್ಟು ಬರೆಯಿರಿ. ಬರೀ ‘ಚೆನ್ನಾಗಿದೆ’ ಅಂದರೆ ಹೊಸಬರಿಗೆ ಉಪಯೋಗವಾಗುವುದಿಲ್ಲ.