ಏರಿಯಾ ಸೇಫಾ ಅಂತ ಮನೆ ಕೊಳ್ಳೋ ಮುಂಚೆ ತಿಳಿಯೋದು ಹೇಗೆ?

ಗಾಳಿಪಟ:
ಮನೆ ನೋಡೋಕೆ ಹೊರಟವರೆಲ್ಲ ಕೇಳೋದು ಒಂದೇ, "ಆ ಏರಿಯಾ ಸೇಫಾ?" ಏರಿಯಾ ಅನ್ನೋ ಲೆಕ್ಕವನ್ನೇ ಮೊದಲು ಬಿಡಿ. ನೋಡಬೇಕಾದ್ದು ಆ ಒಂದು ಬೀದಿ, ಅದರ ಆಚೆಗೊಂದು ಈಚೆಗೊಂದು ತಿರುವು. 1989ರಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ತಂಡ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ಎಣಿಸಿದಾಗ, ಅರ್ಧದಷ್ಟು ಕರೆಗಳು ಬರೀ ಶೇ. 3ರಷ್ಟು ವಿಳಾಸಗಳಿಂದ ಬಂದಿದ್ದವು. ಹೆಸರು ಕೆಟ್ಟ ಬಡಾವಣೆಯಲ್ಲೂ ಹೆಚ್ಚಿನ ಬೀದಿಗಳು ತಣ್ಣಗಿರುತ್ತವೆ. ಒಳ್ಳೆಯ ಹೆಸರಿರುವ ಕಡೆಯೂ ಒಂದು ಮೂಲೆ ಕೆಟ್ಟಿರುತ್ತೆ.

ಮೂರು ಸಲ ಹೋಗಿ. ಕೆಲಸದ ದಿನ ಬೆಳಿಗ್ಗೆ 11ಕ್ಕೆ, ಮನೆಗಳು ಖಾಲಿ ಇರುವ ಹೊತ್ತು. ವಾರದ ನಡುವೆ ಒಂದು ರಾತ್ರಿ 10ರ ಮೇಲೆ. ಶನಿವಾರ ರಾತ್ರಿ 11:30ಕ್ಕೆ. ಬಸ್ ಸ್ಟಾಪಿನಿಂದ ಮನೆ ಗೇಟಿನವರೆಗೆ ನಡೆದೇ ಹೋಗಿ, ಕಾರಲ್ಲಿ ಕೂತು ನೋಡಿದರೆ ಏನೂ ತಿಳಿಯಲ್ಲ. ಬಾಗಿಲುಗಳನ್ನು ಗಮನಿಸಿ. ಸಾಲಾಗಿ ನಾಲ್ಕೈದು ಮನೆಗೆ ಒಂದೇ ಕಾಲದ ಹೊಸ ಗ್ರಿಲ್, ಚೌಕಟ್ಟಿನಲ್ಲಿ ಬೀಗದ ಪಕ್ಕಕ್ಕೆ ಬಣ್ಣ ಕೂಡದ ಹೊಸ ಮರದ ತೇಪೆ, ಇವು ಕಂಡರೆ ಆ ಸಾಲಿನಲ್ಲಿ ಇತ್ತೀಚೆಗೆ ಕಳ್ಳರು ನುಗ್ಗಿರಬಹುದು, ವಿಚಾರಿಸಲೇಬೇಕು. ಅಕ್ಕಪಕ್ಕದ ಎರಡು ಕಂಬದ ದೀಪ ಆರಿದ್ದರಂತೂ ಆ ಬೀದಿಯೇ ಬೇಡ.

ಛೇದಸಂಖ್ಯೆ:
"ಮೂರು ಸಲ ಹೋಗಿ" ಅಂದಿರಿ. ಸಲಕ್ಕೆ ಅರ್ಧ ಗಂಟೆ ಅಂದರೂ ಒಂದೂವರೆ ಗಂಟೆ. ವರ್ಷಕ್ಕೆ 8,760 ಗಂಟೆ. ಆ ಒಂದೂವರೆ ಗಂಟೆಯಲ್ಲಿ ಕಳ್ಳತನ ನಿಮ್ಮ ಕಣ್ಣಿಗೆ ಬೀಳಲ್ಲ, ನಿಮ್ಮ ಊಹೆಯೇ ನಿಮಗೆ ಕಾಣೋದು.

ಪೊಲೀಸರು ಅಪರಾಧ ನಕ್ಷೆ ಪ್ರಕಟಿಸುವ ಊರಾದರೆ ಕನಿಷ್ಠ ಮೂರು ವರ್ಷದ್ದನ್ನು ತಿಂಗಳುವಾರು ತೆಗೆದುಕೊಳ್ಳಿ. ಮನೆಗಳ್ಳತನ, ವಾಹನ ಕಳವು, ದರೋಡೆ, ಹೊಡೆದಾಟ, ಇವನ್ನೆಲ್ಲ ಬೇರೆ ಬೇರೆ ಎಣಿಸಬೇಕು. ಒಟ್ಟು ಸಂಖ್ಯೆಗೆ ಅರ್ಥವೇ ಇಲ್ಲ. ತಲಾ ಲೆಕ್ಕ ನಂಬಬೇಡಿ. ರೈಲು ನಿಲ್ದಾಣದ ಸುತ್ತ ವಾಸ ಇರೋರು ಎರಡು ಸಾವಿರ, ದಿನಾ ಹಾದು ಹೋಗೋರು ಒಂದು ಲಕ್ಷ ಅಂತಿಟ್ಟುಕೊಳ್ಳಿ. ಜೇಬುಗಳ್ಳತನವನ್ನೆಲ್ಲ ಆ ಎರಡು ಸಾವಿರದಿಂದ ಭಾಗಿಸಿದರೆ ಅಲ್ಲಿ ಬದುಕೋಕೇ ಆಗಲ್ಲ ಅನಿಸುತ್ತೆ. ಮನೆಗಳ್ಳತನವನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿ, ವಾಹನ ಕಳವನ್ನು ಅಲ್ಲಿ ನಿಲ್ಲುವ ವಾಹನಗಳಿಂದ.

ಇನ್ನೊಂದು ಮಾತು. ನಕ್ಷೆಯ ಚುಕ್ಕಿ ಮನೆ ಬಾಗಿಲಲ್ಲ. ಇಂಗ್ಲೆಂಡಿನ ಪೊಲೀಸ್ ನಕ್ಷೆಯಲ್ಲಿ ಘಟನೆಯನ್ನು ಹತ್ತಿರದ ಒಂದು ಗೊತ್ತಾದ ಬಿಂದುವಿಗೆ ಸರಿಸಿ ತೋರಿಸುತ್ತಾರೆ. ವಸತಿ ಇರುವ ಕಡೆ ಒಂದೊಂದು ಬಿಂದುವಿಗೆ ಕನಿಷ್ಠ 8 ವಿಳಾಸ ಸೇರಿರುತ್ತವೆ. ಹಾಗಾಗಿ ಚುಕ್ಕಿ ನೋಡಿ "ಪಕ್ಕದ ಮನೇಲೇ ಆಗಿದೆ" ಅನ್ನೋಕೆ ಬರಲ್ಲ.

ರಾತ್ರಿಪಾಳಿ:
ಚುಕ್ಕಿ ಬೀಳಬೇಕಾದರೆ ಯಾರಾದರೂ ದೂರು ಕೊಟ್ಟಿರಬೇಕಲ್ಲ ಛೇದಸಂಖ್ಯೆ ಅವರೇ? ಹಿಂಬಾಲಿಸೋದು, ಅಡ್ಡ ನಿಲ್ಲೋದು, ಹೊಲಸು ಮಾತು, ಇದರಲ್ಲಿ ಎಷ್ಟು ಠಾಣೆಯ ಮೆಟ್ಟಿಲು ಹತ್ತುತ್ತೆ? ಹೆದರಿ ಹೆಂಗಸರೆಲ್ಲ ಒಂದು ದಾರಿ ಬಿಟ್ಟು ಸುತ್ತಿ ಬಳಸಿ ಹೋಗ್ತಿದ್ದರೆ, ಆ ದಾರಿ ನಿಮ್ಮ ನಕ್ಷೆಯಲ್ಲಿ ಚೊಕ್ಕವಾಗಿ ಕಾಣುತ್ತೆ. ರಾತ್ರಿ 9ರ ಮೇಲೆ 20 ನಿಮಿಷ ನಿಂತು, ಒಂಟಿಯಾಗಿ ನಡೆದು ಹೋಗೋ ಗಂಡಸರೆಷ್ಟು, ಹೆಂಗಸರೆಷ್ಟು ಎಣಿಸಿ. ಹತ್ತು ಗಂಡಸರಿಗೆ ಒಬ್ಬ ಹೆಂಗಸೂ ಇಲ್ಲ ಅಂದರೆ ಯಾಕೆ ಅಂತ ಅಲ್ಲಿರೋ ಹೆಂಗಸರನ್ನೇ ಕೇಳಿ.

ಕಂಬದಡಿ:
ಗಾಳಿಪಟ ಅವರೇ, "ಎರಡು ಕಂಬದ ದೀಪ ಆರಿದ್ದರೆ ಬೀದಿಯೇ ಬೇಡ" ಅನ್ನೋದು ತಪ್ಪು ಸಲಹೆ. ಅಕ್ಕಪಕ್ಕದ ಎರಡು ದೀಪ ಒಟ್ಟಿಗೆ ಆರಿದ್ದರೆ ಕೇಬಲ್ಲೋ ಫ್ಯೂಸೋ ಹೋಗಿರಬೇಕು. ಮೂರಕ್ಕೊಂದರಂತೆ ಆರಿದ್ದರೆ ಕರೆಂಟಿನ ಮೂರು ಫೇಸ್‌ಗಳಲ್ಲಿ ಒಂದು ಹೋಗಿರಬಹುದು. ಹಗಲಲ್ಲೂ ಉರಿಯುತ್ತಿದ್ದರೆ, ಕತ್ತಲಾದಾಗ ದೀಪ ಹಚ್ಚಿ ಬೆಳಗಾದಾಗ ಆರಿಸೋ ಫೋಟೋಸೆಲ್ ಕೆಟ್ಟಿರುತ್ತೆ. ಇದೆಲ್ಲ ರಿಪೇರಿ ಮಾತು. ಕಳ್ಳತನಕ್ಕೆ ಗಂಟು ಹಾಕಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಸಂಸ್ಥೆಗಳ ದಾಖಲೆ ಇಟ್ಟುಕೊಂಡು 2015ರಲ್ಲಿ ಪ್ರಕಟವಾದ ಅಧ್ಯಯನ ಇದೆ. ಬೀದಿ ದೀಪ ಕಡಿಮೆ ಮಾಡಿದ್ದಕ್ಕೆ ಅಪರಾಧ ಹೆಚ್ಚಿತು ಅನ್ನೋಕೆ ಅದರಲ್ಲಿ ಪುರಾವೆ ಸಿಗಲಿಲ್ಲ.

ಗಾಳಿಪಟ:
"ಪುರಾವೆ ಸಿಗಲಿಲ್ಲ" ಅಂತ ಒಂದೇ ಅಧ್ಯಯನ ಹಿಡಿದು ಹೇಳಿದರೆ ಆಯ್ತಾ? 2016ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ವಸತಿ ಸಮುಚ್ಚಯಗಳಲ್ಲಿ ಚೀಟಿ ಎತ್ತಿದಂತೆ ಆಯ್ದು ಕೆಲವಕ್ಕೆ ಮಾತ್ರ ದೀಪ ಹಾಕಿ ನೋಡಿದರು. ರಾತ್ರಿ ಹೊರಾಂಗಣದಲ್ಲಿ ಆಗುವ ಗಂಭೀರ ಅಪರಾಧ ಸುಮಾರು ಶೇ. 36 ಇಳಿಯಿತು. ಇದಕ್ಕಿಂತ ಗಟ್ಟಿ ಪರೀಕ್ಷೆ ಬೇಕಾ?

ಕಂಬದಡಿ:
"ದೀಪ ಹಾಕಿ" ಅಂದಿರಿ, ಎಂಥ ದೀಪ ಅಂತ ಹೇಳಲಿಲ್ಲ. ಜನರೇಟರ್ ಕಟ್ಟಿದ, ಎಳೆದು ತಂದು ನಿಲ್ಲಿಸೋ ದೀಪದ ಗೋಪುರಗಳು ಅವು. ಮೈದಾನಕ್ಕೆ ಹಾಕೋವಂಥ ಬೆಳಕು. ನಿಮ್ಮ ಬೀದಿ ಕಂಬಕ್ಕೂ ಅದಕ್ಕೂ ಎಲ್ಲಿಯ ಹೋಲಿಕೆ? ಶಿಕಾಗೋದಲ್ಲಿ ಓಣಿಗಳ ದೀಪವನ್ನು 90 ವ್ಯಾಟಿನಿಂದ 250ಕ್ಕೆ ಏರಿಸಿದ ಮೇಲೆ ಅಲ್ಲಿ ವರದಿಯಾದ ಅಪರಾಧ ಶೇ. 21 ಹೆಚ್ಚಿತು. 2000ದ ವರದಿ. ಇದನ್ನು ಯಾಕೆ ಬಿಟ್ಟಿರಿ?

ರಾತ್ರಿಪಾಳಿ:
"ವರದಿಯಾದ" ಅಪರಾಧ! ಬೆಳಕು ಬಂದ ಮೇಲೆ ಕಂಡಿರುತ್ತೆ, ಕಂಡಿದ್ದಕ್ಕೆ ಫೋನ್ ಮಾಡಿರ್ತಾರೆ. ಕತ್ತಲಲ್ಲಿ ಆಗಿದ್ದನ್ನು ಯಾರು ಎಣಿಸಿದ್ದರು? ಕಂಬದಡಿ ಅವರೇ, ದಯವಿಟ್ಟು ಒಂದು ಸಲ ಕತ್ತಲ ಬೀದಿಯಲ್ಲಿ ಒಂಟಿ ಹೆಣ್ಣಾಗಿ ನಡೆಯೋದನ್ನು ಕಲ್ಪಿಸಿಕೊಂಡು ಆಮೇಲೆ ಫ್ಯೂಸಿನ ಮಾತಾಡಿ.

ಚಿಲಕ:
ದೀಪದ ಜಗಳ ಸಾಕು ಮಾಡ್ರಪ್ಪಾ. ಮನೆಗಳ್ಳತನ ಎಷ್ಟೋ ಕಡೆ ಹಗಲಲ್ಲೇ ನಡೆಯುತ್ತೆ, ಮನೆಯವರು ಕೆಲಸಕ್ಕೆ ಹೋದ ಹೊತ್ತಲ್ಲಿ. ಒಂದು ಮನೆಗೆ ನುಗ್ಗಿದರೆ ಮುಂದಿನ ಎರಡು ವಾರ ಸುತ್ತಲ 200 ಮೀಟರ್ ಒಳಗಿನ ಮನೆಗಳಿಗೂ ಅಪಾಯ ಏರುತ್ತೆ. 5 ದೇಶಗಳ 10 ಪ್ರದೇಶಗಳಲ್ಲಿ ಇದೇ ಮಾದರಿ ಕಂಡಿದೆ. ಹಗಲಲ್ಲಿ ನುಗ್ಗೋನಿಗೆ ಬೇಕಾದ್ದು ಮರೆ, ಹಾಗಾಗಿ ನೋಡಬೇಕಾದ್ದು ಹಿತ್ತಲು. ಹಿಂದೆ ಗಲ್ಲಿ ಇದೆಯಾ, ಖಾಲಿ ಸೈಟು ಇದೆಯಾ, ಪಕ್ಕದ ಮನೆ ಕಿಟಕಿಯಿಂದ ನಿಮ್ಮ ಹಿಂಬಾಗಿಲು ಕಾಣುತ್ತಾ? ಆಳೆತ್ತರದ ಗಟ್ಟಿ ಗೋಡೆ ಇದ್ದರೆ ಒಳಗೆ ಇಳಿದ ಕಳ್ಳನಿಗೇ ಮರೆ. ಬಾಗಿಲು ಒದ್ದರೆ ಮೊದಲು ಕಿತ್ತು ಬರೋದು ಬೀಗವಲ್ಲ, ಚೌಕಟ್ಟಿನಲ್ಲಿ ಬೋಲ್ಟು ಕೂರೋ ಪಟ್ಟಿ. ಅದಕ್ಕೆ ಬೆರಳ ಗೆಣ್ಣಿನಷ್ಟು ಉದ್ದದ ಸ್ಕ್ರೂ ಹಾಕಿರ್ತಾರೆ. 75 ಮಿ.ಮೀ. ಸ್ಕ್ರೂ ಚೌಕಟ್ಟು ದಾಟಿ ಹಿಂದಿನ ಗಟ್ಟಿ ಆಸರೆಗೆ ಇಳಿದಿರಬೇಕು.

ಕಂಬದಡಿ:
"ಹಗಲಲ್ಲೇ ನಡೆಯುತ್ತೆ." ಚಿಲಕ ಅವರ ಈ ಮಾತೇ ಸಾಕು. ಹಗಲಿನ ಕಳ್ಳತನಕ್ಕೆ ಬೀದಿ ದೀಪ ಏನು ಮಾಡುತ್ತೆ ಗಾಳಿಪಟ ಅವರೇ?

ಚಿಲಕ:
ನಾನು ಹಿತ್ತಲ ಮಾತಾಡಿದ್ದು. ನನ್ನನ್ನು ನಿಮ್ಮ ಪಕ್ಷಕ್ಕೆ ಸೇರಿಸಿಕೊಳ್ಳಬೇಡಿ.

ಗಾಳಿಪಟ:
ದೀಪವೇ ಕಳ್ಳನನ್ನು ಹಿಡಿಯುತ್ತೆ ಅಂತ ನಾನೆಲ್ಲಿ ಹೇಳಿದೆ? ಆರಿದ ದೀಪ ವಾರಗಟ್ಟಲೆ ಹಾಗೇ ಇದ್ದರೆ ಆ ಬೀದಿಯ ಬಗ್ಗೆ ದೂರು ಕೊಡೋರಿಲ್ಲ, ಕೊಟ್ಟರೂ ಕೇಳೋರಿಲ್ಲ ಅಂತ ಅರ್ಥ. ಅದು ಲಕ್ಷಣ. 1982ರಲ್ಲಿ ವಿಲ್ಸನ್ ಮತ್ತು ಕೆಲ್ಲಿಂಗ್ ಬರೆದಿದ್ದೂ ಇದನ್ನೇ: ಒಡೆದ ಕಿಟಕಿಯನ್ನು ಸರಿ ಮಾಡದೆ ಬಿಟ್ಟರೆ ಇಲ್ಲಿ ಕೇಳೋರಿಲ್ಲ ಅಂತ ಅರ್ಥವಾಗಿ ಇನ್ನಷ್ಟು ಕೆಡುತ್ತೆ.

ಛೇದಸಂಖ್ಯೆ:
ಒಡೆದ ಕಿಟಕಿಯ ವಾದ ಈ ಕಾಲಕ್ಕೂ ತರ್ತಿದ್ದೀರಾ? ಸ್ಯಾಂಪ್ಸನ್ ಮತ್ತು ರಾಡೆನ್‌ಬುಶ್ 2004ರಲ್ಲಿ ಶಿಕಾಗೋ ಬೀದಿಗಳ ಮೇಲೆ ತೋರಿಸಿದ್ದು ನೋಡಿ: "ಇಲ್ಲಿ ಅವ್ಯವಸ್ಥೆ ಇದೆ" ಅಂತ ಜನಕ್ಕೆ ಅನಿಸೋದು ಕಣ್ಣಿಗೆ ಕಂಡ ಕಸ, ಗೋಡೆಬರಹಕ್ಕಿಂತ ಹೆಚ್ಚಾಗಿ ಅಲ್ಲಿ ಯಾವ ಜನ ವಾಸವಿದ್ದಾರೆ ಅನ್ನೋದರ ಮೇಲೆ. ಬಡವರ ಬೀದಿ ಕಂಡರೆ "ಸೇಫ್ ಅಲ್ಲ" ಅಂತ ಬರೆಯೋರಿಗೆ ನಿಮ್ಮ "ಲಕ್ಷಣ" ಒಳ್ಳೆ ನೆಪ.

ಗಾಳಿಪಟ:
ಬಡವರ ಬೀದಿ ಅನ್ನೋ ಪದ ನಾನು ಬಳಸಿಯೇ ಇಲ್ಲ. ಇಲ್ಲದ್ದನ್ನು ನನ್ನ ಬಾಯಿಗೆ ತುರುಕಬೇಡಿ. ಇದು ಸರಿ ಇಲ್ಲ.

ಜೀಬ್ರಾಗೆರೆ:
ಇಷ್ಟು ಹೊತ್ತಾದರೂ ಯಾರೂ ವಾಹನದ ವೇಗದ ಮಾತೆತ್ತಿಲ್ಲ. ಮಕ್ಕಳಿರೋ ಮನೆಗೆ ಕಳ್ಳನಿಗಿಂತ ದೊಡ್ಡ ಅಪಾಯ ಅದು. ಸರಾಸರಿ ವೇಗ ಶೇ. 1 ಹೆಚ್ಚಿದರೆ ಸಾವಿನ ಅಪಘಾತದ ಅಪಾಯ ಶೇ. 4 ಹೆಚ್ಚುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಬೀದಿಯಲ್ಲಿ 50 ಮೀಟರ್ ಅಳೆದು ಎರಡು ಗುರುತು ಇಟ್ಟುಕೊಳ್ಳಿ. ಗಾಡಿ ಅದನ್ನು 6 ಸೆಕೆಂಡಿನಲ್ಲಿ ದಾಟಿದರೆ 30 ಕಿ.ಮೀ. ವೇಗ, 3.6 ಸೆಕೆಂಡಿನಲ್ಲಿ ದಾಟಿದರೆ 50. 15 ನಿಮಿಷ ನಿಂತು ಅಳೆಯಿರಿ. ತಿರುವಿನಲ್ಲಿ ಟೈರು ಉಜ್ಜಿದ ಕಪ್ಪು ಗೆರೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಟ್ಟಿದ ಕಾಂಪೌಂಡ್ ಮೂಲೆ ಹುಡುಕಿ. ರಾತ್ರಿ ಕಾರೆಲ್ಲ ನಿಂತ ಮೇಲೆ ಉಳಿಯೋ ದಾರಿ ಎಷ್ಟು ಅಂತಲೂ ಅಳೆಯಿರಿ. ಅಗ್ನಿಶಾಮಕ ವಾಹನಕ್ಕೆ ಬ್ರಿಟನ್ನಿನ ನಿಯಮ ಕೇಳೋದು 3.7 ಮೀಟರ್.

ಛೇದಸಂಖ್ಯೆ:
15 ನಿಮಿಷ ಸಾಲದು. ಶಾಲೆ ಬಿಡೋ ಹೊತ್ತಿಗೊಮ್ಮೆ, ರಸ್ತೆ ಖಾಲಿ ಇರೋ ಹೊತ್ತಿಗೊಮ್ಮೆ ಬೇಕು.

ಕಂಬದಡಿ:
ದೀಪಕ್ಕೇ ಬರ್ತೀನಿ, ರಾತ್ರಿಪಾಳಿ ಮೇಡಂಗೆ ಉತ್ತರ ಬಾಕಿ ಇದೆ. ದೀಪ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಎಷ್ಟು ಉರಿಯುತ್ತೆ ಅನ್ನೋದಕ್ಕಿಂತ ಎಷ್ಟು ಸಮನಾಗಿ ಹರಡುತ್ತೆ ಅನ್ನೋದು ಮುಖ್ಯ ಅಂತಿದ್ದೀನಿ. ಯುರೋಪಿನ ಮಾನದಂಡದಲ್ಲಿ ಪಾದಚಾರಿಗಳ, ವಸತಿ ಬೀದಿಗಳ ವರ್ಗಕ್ಕೆ ಸರಾಸರಿ 2ರಿಂದ 15 ಲಕ್ಸ್ (ನೆಲಕ್ಕೆ ಬೀಳೋ ಬೆಳಕಿನ ಅಳತೆ) ಅಷ್ಟೇ. ಕಂಬದ ಬುಡದಲ್ಲಿ ಕಣ್ಣು ಕೋರೈಸಿ ನಡುವೆ ಕಗ್ಗತ್ತಲಾದರೆ, ಆ ಕತ್ತಲಲ್ಲಿ ನಿಂತವನು ನಿಮಗೆ ಕಾಣಲ್ಲ, ನೀವು ಅವನಿಗೆ ಚೆನ್ನಾಗಿ ಕಾಣ್ತೀರಿ. ಮೊಬೈಲ್ ಆ್ಯಪಿನಲ್ಲಿ ಲಕ್ಸ್ ಅಳೆಯೋಕೆ ಹೋಗಬೇಡಿ, ಇಷ್ಟು ಕಡಿಮೆ ಬೆಳಕಲ್ಲಿ ಅದರ ಲೆಕ್ಕ ನಂಬೋ ಹಾಗಿಲ್ಲ. ಎರಡು ಕಂಬದ ನಟ್ಟನಡುವೆ ಜೊತೆಯವರನ್ನು ನಿಲ್ಲಿಸಿ, 4 ಮೀಟರ್ ದೂರದಿಂದ ಮುಖ ಗುರುತು ಹತ್ತುತ್ತಾ ನೋಡಿ. ಎಲೆ ತುಂಬಿದ ಮರ ದೀಪದ ಕೆಳಗೇ ಬೆಳೆದಿದ್ದರೆ ಕಂಬ ಇದ್ದೂ ಇಲ್ಲದ ಹಾಗೆ.

ರಾತ್ರಿಪಾಳಿ:
"ಆ ಕತ್ತಲಲ್ಲಿ ನಿಂತವನು ನಿಮಗೆ ಕಾಣಲ್ಲ." ಇದನ್ನೇ ತಾನೇ ಮೊದಲಿಂದ ಹೇಳ್ತಿರೋದು! ಎರಡು ದೀಪ ಆರಿದರೆ ಆಗೋದೂ ಇದೇ ಕತ್ತಲು.

ಕಂಬದಡಿ:
ಫ್ಯೂಸ್ ಹಾಕಿದರೆ ಹೋಗೋ ಕತ್ತಲಿಗೂ, ಕಂಬಗಳ ಅಂತರವೇ ತಪ್ಪಿ ಕಾಯಂ ಆದ ಕತ್ತಲಿಗೂ ವ್ಯತ್ಯಾಸ ಇದೆ ಮೇಡಂ. ಮನೆ ಕೊಳ್ಳೋರು ತಿಳಿಯಬೇಕಾದ್ದು ಅದು ಯಾವುದು ಅಂತ. ಕಂಬಕ್ಕೆ ನಂಬರ್ ಇದ್ದರೆ ಬರೆದುಕೊಂಡು, ಆರಿದೆ ಅಂತ ನೀವೇ ದೂರು ಕೊಡಿ. ಹದಿನೈದು ದಿನ ಬಿಟ್ಟು ಬಂದು ನೋಡಿ.

ಗಾಳಿಪಟ:
ಹದಿನೈದು ದಿನ ಕಾಯೋದರೊಳಗೆ ಮನೆ ಬೇರೆಯವರ ಪಾಲಾಗಿರುತ್ತೆ.

ಚಿಲಕ:
ಮುಂಗಡ ಕೊಡೋ ಮುಂಚೆ ಹದಿನೈದು ದಿನ ಕಾಯೋಕೆ ಬಿಡದ ಮಾರಾಟಗಾರನ ಹತ್ತಿರ, ಬಾಗಿಲ ಚೌಕಟ್ಟು ಯಾವಾಗ ಬದಲಾಯಿಸಿದ್ದು ಅಂತ ಮೊದಲು ಕೇಳಿ.

ಗಾಳಿಪಟ:
ಚೌಕಟ್ಟಿನ ತೇಪೆ ನೋಡಿ ಅಂತ ಮೊದಲನೇ ಪೋಸ್ಟಿನಲ್ಲೇ ಬರೆದಿದ್ದೀನಿ. ಓದಿದವರು ಯಾರೂ ಇಲ್ಲ, ಎಲ್ಲರೂ ಕಂಬ ಹಿಡಿದು ನಿಂತಿರಿ.

ಜೀಬ್ರಾಗೆರೆ:
50 ಮೀಟರ್ ಅಳೆಯೋಕೆ ಟೇಪ್ ಬೇಡ. ನಿಮ್ಮ ಹೆಜ್ಜೆಯ ಉದ್ದ ಮೊದಲು ಮನೇಲಿ ಅಳೆದುಕೊಂಡು ಹೋಗಿ.