ವುಡ್‌ಹೌಸ್ ಓದಲು ಎಲ್ಲಿಂದ ಶುರು ಮಾಡಬೇಕು? ಆ ಹಾಸ್ಯದ ಕಟ್ಟಡ ಹೇಗೆ?

ಕಟ್ಟೆಪುರಾಣ:
ಪಿ. ಜಿ. ವುಡ್‌ಹೌಸ್ (1881–1975) ಬರೆದದ್ದು 90ಕ್ಕೂ ಹೆಚ್ಚು ಪುಸ್ತಕ. ಮೊದಲು ಯಾವುದು ಓದಬೇಕು? ಇನ್ನೊಂದು ಪ್ರಶ್ನೆ: ಹಾಸ್ಯ ಕಾದಂಬರಿ ಅಂತ ಹೊರಟದ್ದು ಎಷ್ಟೋ ಸಲ ನಾಲ್ಕನೇ ಅಧ್ಯಾಯಕ್ಕೇ ಮುಗ್ಗರಿಸುತ್ತೆ. ಜೋಕು ಖಾಲಿ, ಕಥೆ ಅಲ್ಲೇ ಠಿಕಾಣಿ. ಈ ಮಹಾಶಯ ಅಷ್ಟು ಪುಟ ದಣಿಯದೆ ಓಡಿಸಿದ್ದು ಹೇಗೆ? ಬಲ್ಲವರು ಹೇಳಿ.

ಪುಸ್ತಕಹುಳ:
ಪ್ರಕಟವಾದ ಕ್ರಮದಲ್ಲಿ ಓದಬೇಡಿ. 1902ರ ಮೊದಲ ಪುಸ್ತಕ ಶಾಲಾಹುಡುಗರ ಕಥೆ, ಅಲ್ಲಿ ನಮಗೆ ಬೇಕಾದ ವುಡ್‌ಹೌಸ್ ಇನ್ನೂ ಹುಟ್ಟಿಲ್ಲ. ‘ರೈಟ್ ಹೋ, ಜೀವ್ಸ್’ (1934) ಹಿಡಿಯಿರಿ, ಸಿರಿವಂತ ಪೆದ್ದ ಬರ್ಟಿ ವೂಸ್ಟರ್ ಮತ್ತು ಅವನ ಜಾಣ ಸೇವಕ ಜೀವ್ಸ್ ಜೋಡಿಯ ಕಥೆ. ಮದ್ಯ ಮುಟ್ಟದ, ನೀರುಹಲ್ಲಿ ಸಾಕುವ, ಬರ್ಟಿಯ ಗೆಳೆಯ ಗಸ್ಸಿ ಕುಡಿದ ಅಮಲಿನಲ್ಲಿ ಶಾಲೆಯ ಬಹುಮಾನ ವಿತರಣೆಗೆ ನಿಲ್ಲುವ ಅಧ್ಯಾಯ ಅದರಲ್ಲೇ ಇದೆ. ಆಮೇಲೆ ‘ದಿ ಕೋಡ್ ಆಫ್ ದಿ ವೂಸ್ಟರ್ಸ್’ (1938). ಈ ಎರಡನ್ನು ಹಿಂದುಮುಂದು ಮಾಡಬೇಡಿ, ಗಸ್ಸಿಯ ಮದುವೆ ಮಾತುಕತೆ ಮೊದಲನೆಯದರಿಂದ ಎರಡನೆಯದಕ್ಕೆ ಹರಿದು ಬರುತ್ತೆ. ಬ್ಲಾಂಡಿಂಗ್ಸ್ ಕೋಟೆಯ ಸರಣಿಗೆ ‘ಲೀವ್ ಇಟ್ ಟು ಸ್ಮಿತ್’ (1923) ಒಳ್ಳೆ ಬಾಗಿಲು. ಕೊನೆಗಾಲದ ಪುಸ್ತಕಗಳನ್ನು ಮೊದಲೇ ಓದಿದರೆ ‘ಇಷ್ಟೇನಾ’ ಅನ್ನಿಸಬಹುದು, ಹಳೇ ಸರಕನ್ನೇ ತಿರುಗಿಸಿ ಹಾಕಿರುತ್ತಾರೆ.

ಸೈಡ್‌ವಿಂಗ್:
ಎರಡನೇ ಪ್ರಶ್ನೆಗೆ ಉತ್ತರ ರಂಗಭೂಮಿಯಲ್ಲಿದೆ. 1910ರ ದಶಕದಲ್ಲಿ ಅವರು ನಾಟಕಕಾರ ಗೈ ಬೋಲ್ಟನ್, ಸಂಗೀತಗಾರ ಜೆರೋಮ್ ಕರ್ನ್ ಜತೆ ನ್ಯೂಯಾರ್ಕಿನಲ್ಲಿ ಸಂಗೀತ ನಾಟಕಗಳಿಗೆ ಬರೆಯುತ್ತಿದ್ದರು. ಪಾತ್ರಗಳನ್ನು ಸಂಬಳದ ನಟರು ಅಂತಲೇ ಎಣಿಸುತ್ತಿದ್ದರು: ಮೊದಲ ಅಂಕದಲ್ಲಿ ಮಿಂಚಿದ ದೊಡ್ಡ ನಟನಿಗೆ ಎರಡನೆಯದರಲ್ಲಿ ಕೆಲಸ ಕೊಡದಿದ್ದರೆ ಕಂಪನಿ ಬಿಟ್ಟು ಹೋಗುತ್ತಾನೆ. ಬರವಣಿಗೆಗೆ ಕೂರುವ ಮೊದಲೇ ಸುಮಾರು 400 ಪುಟ ಟಿಪ್ಪಣಿ ಸಿದ್ಧವಾಗಿರುತ್ತಿತ್ತು. ನಾಲ್ಕನೇ ಅಧ್ಯಾಯಕ್ಕೆ ಕಥೆ ನಿಲ್ಲುವುದು ಈ ಟಿಪ್ಪಣಿ ಇಲ್ಲದ್ದಕ್ಕೇ ಹೊರತು ಜೋಕಿನ ಬಡತನಕ್ಕಲ್ಲ.

1938ರ ಕಾದಂಬರಿಯನ್ನೇ ಬಿಚ್ಚಿ ನೋಡಿ. ಅದರಲ್ಲಿ ಮೂರೇ ಸಾಮಾನು: ಹಸುವಿನ ಆಕಾರದ ಬೆಳ್ಳಿಯ ಹಾಲಿನ ಕುಡಿಕೆ, ಗಸ್ಸಿಯ ಚರ್ಮದ ನೋಟ್‌ಬುಕ್, ಪೊಲೀಸ್ ಪೇದೆಯ ಹೆಲ್ಮೆಟ್. ಕುಡಿಕೆಯನ್ನು ಕದ್ದು ತಾ, ಇಲ್ಲವಾದರೆ ನನ್ನ ಬಾಣಸಿಗ ಅನಾತೋಲ್ ಕೈಯಡುಗೆ ಬಂದ್ ಅಂತ ಸೋದರತ್ತೆ ಡೇಲಿಯಾ ಬರ್ಟಿಯನ್ನು ಹೆದರಿಸುತ್ತಾಳೆ. ಅದೇ ಕಳ್ಳತನ ಕುಡಿಕೆ ಇರುವ ಮನೆಯ ಹುಡುಗಿ ಸ್ಟಿಫಿಗೂ ಬೇಕು, ಬೇರೆ ಕಾರಣಕ್ಕೆ: ಕಳ್ಳನನ್ನು ಹಿಡಿದಂತೆ ನಟಿಸಿ ಅವಳ ಪಾದ್ರಿ ಪ್ರಿಯಕರ ಹೀರೋ ಆಗಬೇಕು. ನೋಟ್‌ಬುಕ್ಕಿನಲ್ಲಿ ಆ ಮನೆ ಯಜಮಾನನ ಮೇಲೆ ಬೈಗುಳ. ಅದು ಸ್ಟಿಫಿಯ ಕೈ ಸೇರಿದ್ದೇ ತಡ, ಬರ್ಟಿಯನ್ನು ಕುಣಿಸುವ ದಾರ ಆಗುತ್ತೆ. ಹೀಗೆ ಒಂದು ವಸ್ತು, ಇಬ್ಬರ ಮೂವರ ಆಸೆ. ಎಲ್ಲರೂ ಒಂದೇ ಮನೆಯಲ್ಲಿ ಬಂದಿ, ಬಸ್ ಹತ್ತಿ ಊರಿಗೆ ಹೋಗುವ ಹಾಗಿಲ್ಲ. ನಮ್ಮ ಹಾಸ್ಯ ಕಾದಂಬರಿಗಳಲ್ಲಿ ಹೊಸ ಜೋಕಿಗೊಬ್ಬ ಹೊಸ ಪಾತ್ರ ಬಂದು, ಹೇಳಿ, ಹೋಗಿಬಿಡುತ್ತಾನೆ. ದಾರ ಕಡಿಯುವುದು ಅಲ್ಲೇ.

ಒಗ್ಗರಣೆ:
ಸೈಡ್‌ವಿಂಗ್ ಅವರೇ, ಕಟ್ಟಡ ಒಪ್ಪಿದೆ. ಆದರೆ ಬರೀ ಕಥೆ ಹೇಳಿದರೆ ಯಾರೂ ನಗಲ್ಲ, ವಾಕ್ಯದ್ದೇ ಬೇರೆ ಲೆಕ್ಕ. ಬರ್ಟಿ ತಾನು ಜಾಣ ಅಂದುಕೊಂಡೇ ಹೇಳುತ್ತಾನೆ. ಅರ್ಧ ನೆನಪಿನ ಶೇಕ್ಸ್‌ಪಿಯರ್, ಬೈಬಲ್ಲು, ಕ್ಲಬ್ಬಿನ ಪೋಲಿ ಮಾತು ಒಂದೇ ಉಸಿರಿನಲ್ಲಿ. ಎದುರಿಗೆ ಜೀವ್ಸ್‌ನದು ಮೂರು ಪದದ ಮಡಿ ಉತ್ತರ. ಬರ್ಟಿಗೆ ಜಯನಗರದ ಕಾಲೇಜು ಕನ್ನಡ, ಜೀವ್ಸ್‌ಗೆ ಗ್ರಾಂಥಿಕ ಕೊಟ್ಟು ನೋಡಿ, ಅಂತರ ತಾನಾಗೇ ಕೆಲಸ ಮಾಡುತ್ತೆ.

ಇನ್ನೊಂದು ಕೈಚಳಕ: ಮನುಷ್ಯನ ಮನಸ್ಸನ್ನು ವಸ್ತುವಿಗೆ ಅಂಟಿಸುವುದು. ‘ಅತ್ತೆಯ ಕಾಗದ ಓದಿ, ಗಾಬರಿಯ ದೋಸೆಚೂರೊಂದನ್ನು ಚಟ್ನಿಗೆ ಅದ್ದಿದೆ.’ ಗಾಬರಿ ದೋಸೆಗಲ್ಲ, ತಿನ್ನುವವನಿಗೆ. ‘ಗಾಬರಿಯಿಂದ ದೋಸೆ ಅದ್ದಿದೆ’ ಅಂದರೆ ಸಪ್ಪೆ. ಆದರೆ ಪುಟಕ್ಕೆ ಎರಡು ಹಾಕಿದರೆ ಓದುಗನಿಗೆ ಗುಟ್ಟು ತಿಳಿದುಬಿಡುತ್ತೆ, ಅಧ್ಯಾಯಕ್ಕೆ ಒಂದು ಸಾಕು. ಉಪಮೆಯೂ ಅಷ್ಟೇ. ಮತ್ತೆ ದಯವಿಟ್ಟು ಆಶ್ಚರ್ಯಸೂಚಕ ಚಿಹ್ನೆಯ ಸಾಲು, ‘ಎಲ್ಲರೂ ಬಿದ್ದು ಬಿದ್ದು ನಕ್ಕರು’ ಎಂಬ ವರದಿ ಬೇಡ. ಬರ್ಟಿಗೆ ತನ್ನ ಕಷ್ಟ ತಮಾಷೆಯೇ ಅಲ್ಲ.

ಕಟ್ಟೆಪುರಾಣ:
ಧನ್ಯವಾದ. ಯುದ್ಧದ ಸಮಯದ ರೇಡಿಯೊ ಗಲಾಟೆ ಏನು? ಮತ್ತೆ, ಒಂದು ಕಥೆಯನ್ನು ಕನ್ನಡಕ್ಕೆ ತಂದು ಬ್ಲಾಗಿಗೆ ಹಾಕಬಹುದಾ?

ಪುಸ್ತಕಹುಳ:
1940ರಲ್ಲಿ ಫ್ರಾನ್ಸಿನ ಲೆ ತೂಕೆಯಲ್ಲಿ ಜರ್ಮನ್ನರ ಕೈಗೆ ಸಿಕ್ಕರು. 1941ರಲ್ಲಿ ಬಿಡುಗಡೆಯಾದ ಮೇಲೆ ಬರ್ಲಿನ್ ರೇಡಿಯೊದಿಂದ ಸೆರೆಶಿಬಿರದ ಬದುಕಿನ ಬಗ್ಗೆ ಐದು ಹರಟೆ ಓದಿದರು. ಬ್ರಿಟನ್ನಿನಲ್ಲಿ ದ್ರೋಹಿ ಅಂತ ಕೂಗೆದ್ದಿತು. ದ್ರೋಹ ಅಲ್ಲ, ದಡ್ಡತನ ಅಂತ ಜಾರ್ಜ್ ಆರ್ವೆಲ್ 1945ರಲ್ಲಿ ಪರವಾಗಿ ಬರೆದರು. ತಮಾಷೆಯೆಂದರೆ 1938ರಲ್ಲೇ ಬ್ರಿಟಿಷ್ ಫ್ಯಾಸಿಸ್ಟ್ ಮೋಸ್ಲಿಯನ್ನು ಕಪ್ಪು ಚಡ್ಡಿಯ ಸ್ಪೋಡ್ ಎಂಬ ಪಾತ್ರ ಮಾಡಿ ಲೇವಡಿ ಮಾಡಿದ್ದವರೂ ಇವರೇ. ಯುದ್ಧದ ನಂತರ ಅಮೆರಿಕಕ್ಕೆ ಹೋಗಿ ಅಲ್ಲೇ ಉಳಿದರು.

ಅನುವಾದ: ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಹಕ್ಕು ಇರುತ್ತೆ, ಅಂದರೆ 2035ರ ಕೊನೆಯವರೆಗೆ. ಅಮೆರಿಕದ ತಾಣಗಳಲ್ಲಿ ಹಳೆಯ ಪುಸ್ತಕ ಪುಕ್ಕಟೆ ಸಿಗುತ್ತೆ ಅಂತ ಇಲ್ಲಿ ಅನುವಾದಿಸಿ ಪ್ರಕಟಿಸುವ ಹಾಗಿಲ್ಲ, ಹಕ್ಕುದಾರರ ಅನುಮತಿ ಬೇಕು. ಹೆಸರು ಬದಲಿಸಿ, ಜೀವ್ಸ್‌ನನ್ನು ಜೀವಣ್ಣ ಮಾಡಿ ಅದೇ ಕಥೆ ಇಳಿಸಿದರೂ ಅದು ರೂಪಾಂತರವೇ. ಒಗ್ಗರಣೆಯವರು ಹೇಳಿದ ಕೈಚಳಕಗಳಿಗೆ ಮಾತ್ರ ಯಾರ ಅಪ್ಪಣೆಯೂ ಬೇಡ.